ವ್ಯತ್ಯಾಸದ ಕಾಲಂ

ಪೆರ್ಲದ ಆಚೆ, ಪದವಿನ ನೆತ್ತಿಯಲ್ಲಿ
ನಮ್ಮ ಕೆಂಪುಕಲ್ಲಿನ ಕೋರೆ.
ತಗಡಿನ ಶೆಡ್ಡು, ಒಂದು ಮೇಜು, ಒಂದು ಲೆಡ್ಜರು, ನಾನು.
ಪ್ರತಿ ತಿಂಗಳ ಮೊದಲ ದಿನ ಬರೆಯಬೇಕು:
ಈ ತಿಂಗಳು ಏಳುವ ಕಲ್ಲು ಇಷ್ಟು.

ಫೆಬ್ರವರಿಗೆ ಒಂಬತ್ತು ಸಾವಿರ ಬರೆದೆ.
ಎದ್ದದ್ದು ಆರು ಸಾವಿರದ ನೂರ ನಲವತ್ತು.
ಬದಿಯಡ್ಕದಲ್ಲಿ ಶಾಲೆಯ ಗೋಡೆ ಕಿಟಕಿಯ ಮಟ್ಟಕ್ಕೇ ನಿಂತಿತು.
ಮೇಸ್ತ್ರಿ ಫೋನಿನಲ್ಲಿ ಮೂರು ಭಾಷೆಯಲ್ಲಿ ಬೈದ:
ಮಲಯಾಳದಲ್ಲಿ ಸಿಟ್ಟು, ತುಳುವಿನಲ್ಲಿ ಗೇಲಿ,
ಕನ್ನಡದಲ್ಲಿ ಬರೀ ಲೆಕ್ಕ.

ಮಮ್ಮುಂಞಿ ಹಾಜಿಯವರು ಬೇಳದಿಂದ
ಮೋಂತು ಕ್ರಾಸ್ತರನ್ನು ಕರೆಸಿದರು.
ಗೋದಾವರಿ ದಂಡೆಯ ಕಲ್ಲಿದ್ದಲ ಗಣಿಯಲ್ಲಿ
ಮೂವತ್ತೊಂದು ವರ್ಷ ಸರ್ವೆಯ ಸರಪಳಿ ಹಿಡಿದವರು.
ಉಗುರಿನ ಬುಡದಲ್ಲಿ ಇನ್ನೂ ಕಪ್ಪು.
ಕೆಮ್ಮಿದರೆ ಮಾತು ಎರಡು ತುಂಡು.

"ಉಳಿದ ಎರಡು ಸಾವಿರದ ಎಂಟುನೂರ ಅರುವತ್ತು
ಎಲ್ಲಿ ಹೋಯಿತು, ಬಾಯೆ?"
ಕದ್ದಿರಬೇಕು ಅಂದೆ. ಲೋಡಿಂಗಿನವರು.
"ಇದ್ದರಲ್ಲವಾ ಕದಿಯುವುದು?
ಅದು ಹುಟ್ಟಿದ್ದೇ ನಿನ್ನ ಪೆನ್ನಿನಲ್ಲಿ."

ಗುಂಡಿಗೆ ಇಳಿದೆವು.
ಕಲ್ಲು ಹದಿನಾಲ್ಕು ಇಂಚು, ಸರಿ;
ಬ್ಲೇಡು ತಿನ್ನುವ ಅರೆ ಇಂಚು ಯಾರ ಪುಸ್ತಕದಲ್ಲಿದೆ?
ಧೂಳಾಗಿ ಹಾರಿ ನಮ್ಮ ರೆಪ್ಪೆಯ ಮೇಲೆ ಕೂತದ್ದು
ಅದೂ ಗುಡ್ಡವೇ ಅಲ್ಲವಾ.
ಗೇರುಮರದ ಬೇರು ಹೊಕ್ಕ ಬಿರುಕು,
ಮೂರನೆಯ ಪದರದಲ್ಲಿ ನೀರುಬೆಲ್ಲದ ಹಾಗೆ ಮೆತ್ತಗಿನ ಜೇಡಿ,
ಎತ್ತುವಾಗ ಮುಕ್ಕಾದ ಮೂಲೆ,
ಡೀಸೆಲ್ಲಿಗೆ ಹೋದ ಐತ್ತಪ್ಪ ಪೇಟೆಯಲ್ಲಿ ಎರಡು ಚಾ ಕುಡಿದದ್ದು,
ಸಂಬಳದ ಮರುದಿನ ಅರ್ಧಕ್ಕರ್ಧ ಖಾಲಿ ಗುಂಡಿ.
"ಎಲ್ಲ ಬರೆ. ನಾಚಿಕೆ ಬಿಟ್ಟು ಬರೆ."

ಮಾರ್ಚಿಗೆ ಬರೆದೆ:
ಆರು ಸಾವಿರದ ನಾನೂರು, ಮುನ್ನೂರು ಆಚೆ ಈಚೆ.
ಹಾಜಿಯವರು ಕನ್ನಡಕ ತೆಗೆದರು.
"ಆಚೆ ಈಚೆ ಅಂದರೆ ಏನು ಮಗಳೇ?
ಬೇಂಕಿನವರು ಕೇಳುವುದು ಒಂದೇ ಅಂಕಿ.
ಎಂಟು ಸಾವಿರ ಅಂತ ಹಾಕು. ಅಂಕಿಗೇನು ಬಾಡಿಗೆಯಾ?"

ಮೋಂತು ಕ್ರಾಸ್ತರು ಬಹಳ ಹೊತ್ತು ಕೆಮ್ಮಿದರು.
ಆಮೇಲೆ ಬೇರೊಂದು ಮಾರ್ಚಿನ ಕತೆ.
ಟಾರ್ಗೆಟ್ಟಿಗೆ ನಾಲ್ಕು ಸಾವಿರ ಟನ್ನು ಕಮ್ಮಿ.
ಅದನ್ನು ಮೊದಲು ಕಾಗದದಲ್ಲಿ ಎತ್ತಿದರು,
ಇವರದೇ ಕೈಬರಹ.
ಕಾಗದದ ಕಲ್ಲಿದ್ದಲು ಉರಿಯುವುದಿಲ್ಲ.
ವ್ಯಾಗನ್ನು ಬಂದು ಬಾಯಿ ತೆರೆದು ನಿಂತಾಗ
ನೆತ್ತಿಯ ಮೇಲಿನ ನೆಲವನ್ನು ಹೊತ್ತ ಕಂಬಗಳನ್ನೇ
ಒಂದೊಂದು ಗೇಣು ಕೆತ್ತಿದರು.
ಬರೆದದ್ದು ಸುಳ್ಳಾಗಬಾರದಲ್ಲ.
"ಓದೇಲು ಅಂತ ಒಬ್ಬ ಇದ್ದ" ಅಂದರು.
ಮುಂದೆ ಹೇಳಲಿಲ್ಲ.

ಹಾಜಿಯವರು ಕನ್ನಡಕ ಹಾಕಿಕೊಂಡರು.
"ಬರೆದದ್ದು ಹಾಗೇ ಇರಲಿ."

ಈಗ ಲೆಡ್ಜರಿನಲ್ಲಿ ಹೊಸ ಗೆರೆಗಳು:
ನಿನ್ನೆ ಹೇಳಿದ್ದು, ಇಂದು ಎದ್ದದ್ದು, ವ್ಯತ್ಯಾಸ, ಯಾಕೆ.
ಯಾಕೆ ಎಂಬುದಕ್ಕೇ ಹೆಚ್ಚು ಜಾಗ.
ಅರುವತ್ತೊಂದು. ಬ್ಲೇಡು ಮುರಿಯಿತು.
ನಲವತ್ತು. ನಾಗಬನದ ಬದಿ ಕಡಿಯಲು ಯಾರೂ ಒಪ್ಪಲಿಲ್ಲ.
ಹತ್ತೊಂಬತ್ತು. ಗೊತ್ತಿಲ್ಲ.
ಆ ಗೊತ್ತಿಲ್ಲದ ಪಕ್ಕ ಮಾತ್ರ
ಅವರು ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದರು.
ಹನ್ನೊಂದು.
ಏಳು.

ಮೊನ್ನೆ ಶನಿವಾರ ಸೊನ್ನೆ.
ಬಹುಮಾನ ಬಂದ ಹುಡುಗಿಯ ಹಾಗೆ ಓಡಿ ಹೋಗಿ ತೋರಿಸಿದೆ.
ಅವರು ಪುಟವನ್ನು ಬೆಳಕಿಗೆ ಹಿಡಿದರು,
ಕಳ್ಳ ನೋಟು ನೋಡುವ ಹಾಗೆ.
"ಸೊನ್ನೆಯಾ?
ಭೂಮಿ ಇಷ್ಟು ವಿಧೇಯ ಅಲ್ಲ, ಬಾಯೆ.
ಯಾರೋ ಎಣಿಸದೆ ಹೇಳಿದ್ದಾರೆ.
ಐತ್ತಪ್ಪನೋ ನೀನೋ."

ಟಾರ್ಚು ಹಿಡಿದು ಇಳಿದೆ.
ಕಲ್ಲಿನ ಅಟ್ಟಿಗಳಲ್ಲಿ ಹಗಲಿನ ಬಿಸಿ ಇನ್ನೂ ಇತ್ತು.
ಒಂದು, ಎರಡು, ಮೂರು,
ಮುಟ್ಟಿ ಮುಟ್ಟಿ.